ಲ್ಯಾಪ್‌ಟಾಪ್ ಹದಿನಾಲ್ಕೋ ಹದಿನಾರೋ: ಇಂಚಿಗಿಂತ ಮೊದಲು ಬಿಸಿಯ ಲೆಕ್ಕ

ಹೋದ ವರ್ಷ ಏಪ್ರಿಲ್ ಕೊನೆಯಲ್ಲಿ, ರಾತ್ರಿ ಹನ್ನೊಂದೂವರೆ ದಾಟಿದ ಮೇಲೆ ಕಲಬುರಗಿಯಿಂದ ಅಕ್ಕನ ಮಗಳ ಫೋನ್ ಬಂತು. "ಮಾಮಾ, ಲ್ಯಾಪ್‌ಟಾಪ್ ಭಾಳ ಕಾಯ್ಲಿಕತ್ತದ. ನಾಳಿಗಿ ಜ್ಯೂರಿ ಅದ. ರೆಂಡರ್ ಮುಂದಕ್ಕೇ ಹೋಗವಲ್ದು."

ಅವಳು ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಜ್ಯೂರಿ ಎಂದರೆ ಪರೀಕ್ಷಕರ ಮುಂದೆ ತನ್ನ ವಿನ್ಯಾಸ ಒಪ್ಪಿಸುವ ದಿನ; ರೆಂಡರ್ ಎಂದರೆ ಆ ವಿನ್ಯಾಸದಿಂದ ಕಂಪ್ಯೂಟರ್ ನಿಜದಂಥ ಚಿತ್ರ ಬಿಡಿಸುವುದು. ಆ ಲ್ಯಾಪ್‌ಟಾಪ್ ಆರಿಸಿಕೊಟ್ಟವನು ನಾನೇ. 14 ಇಂಚು, ತೆಳ್ಳಗೆ, ಒಂದೂವರೆ ಕೆ.ಜಿ. ತೂಕ, ಪಟ್ಟಿಯಲ್ಲಿ ಓದಿದರೆ ಒಳ್ಳೆಯ ಪ್ರೊಸೆಸರ್. ಡಿಸೆಂಬರ್‌ನಲ್ಲಿ ಬೆಂಗಳೂರಿನ ನನ್ನ ಮನೆಯಲ್ಲಿ ಅವಳದೇ ಹಳೆಯ ಪ್ರಾಜೆಕ್ಟ್ ಅದರ ಮೇಲೆ ಓಡಿಸಿ ನೋಡಿ, ಚೆನ್ನಾಗಿದೆ ಅಂತ ಹೇಳಿ ಕಳಿಸಿದ್ದೆ. ಈಗ ವಿಡಿಯೊ ಕಾಲ್‌ನಲ್ಲಿ ನೋಡಿದರೆ ಯಂತ್ರ ಹಾಸಿಗೆ ಮೇಲಿತ್ತು, ಕೆಳಗೆ ಚಾದರ, ಮೇಲೆ ಬಿಸಿಗಾಳಿಯನ್ನೇ ಸುತ್ತಿಸುತ್ತಿದ್ದ ಸೀಲಿಂಗ್ ಫ್ಯಾನು. ಶುರುವಿನಲ್ಲಿ 40 ನಿಮಿಷ ಬಾಕಿ ಎಂದು ತೋರಿಸಿದ್ದ ರೆಂಡರ್, ಒಂದು ಗಂಟೆ ಕಳೆದ ಮೇಲೂ ಇನ್ನೊಂದು ಗಂಟೆ ಬಾಕಿ ಎನ್ನುತ್ತಿತ್ತು. ಹಾಸಿಗೆಯಿಂದ ಇಳಿಸಿ ನೆಲದ ಮೇಲಿಡಿಸಿ, ಹಿಂಬದಿಗೆ ಎರಡು ಪುಸ್ತಕ ಕೊಟ್ಟು ಎತ್ತರಿಸಿ, ನೀರು ಸಿಡಿಯದಷ್ಟು ದೂರದಿಂದ ಕೂಲರಿನ ಗಾಳಿ ಬೀಸುವಂತೆ ಮಾಡಿದ ಮೇಲೆ ಅದು ಹೇಗೋ ಮುಗಿಯಿತು.

ತಪ್ಪು ಯಂತ್ರದ್ದಲ್ಲ, ನನ್ನದು. ಇಂಚು ಕೇಳಿದೆ, ತೂಕ ಕೇಳಿದೆ, ಬೆಲೆ ಕೇಳಿದೆ. ಅದು ಯಾವ ಊರಿನಲ್ಲಿ, ಯಾವ ಕೋಣೆಯಲ್ಲಿ, ಎಷ್ಟು ಹೊತ್ತು ದುಡಿಯಬೇಕು ಅಂತ ಕೇಳಲಿಲ್ಲ. ಆಮೇಲೆ ಅವಳಿಗೆ ಇನ್ನೊಂದು ಲ್ಯಾಪ್‌ಟಾಪ್ ಹುಡುಕುವಾಗ ಯಾವ ಕ್ರಮದಲ್ಲಿ ಹೋದೆನೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ನಿಮ್ಮ ಕೆಲಸ ಮುಳ್ಳೋ, ಬಯಲೋ?

ಈಗ ನಿಮ್ಮ ಹತ್ತಿರ ಯಾವ ಕಂಪ್ಯೂಟರ್ ಇದೆಯೋ ಅದರಲ್ಲೇ ಇದನ್ನು ತಿಳಿಯಬಹುದು. ವಿಂಡೋಸ್ ಆದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಅನ್ನುವ ಭಾಗದಲ್ಲಿ ಸಿಪಿಯು ಗ್ರಾಫ್ ಇರುತ್ತದೆ. ಅದನ್ನು ಮೂಲೆಗೆ ಸರಿಸಿಟ್ಟು ಎಂದಿನಂತೆ ಕೆಲಸ ಮಾಡಿ, ನಡುನಡುವೆ ಕಣ್ಣು ಹಾಯಿಸಿ.

ಬರವಣಿಗೆ, ಎಕ್ಸೆಲ್, ಟ್ಯಾಲಿ, ಬ್ರೌಸರ್, ಆನ್‌ಲೈನ್ ತರಗತಿ ಇಷ್ಟೇ ಆಗಿದ್ದರೆ ಗ್ರಾಫ್ ಮುಳ್ಳುಮುಳ್ಳಾಗಿ ಕಾಣುತ್ತದೆ: ಛಕ್ಕನೆ ಏರುತ್ತದೆ, ಎರಡು ಕ್ಷಣದಲ್ಲಿ ಇಳಿಯುತ್ತದೆ. ವಿಡಿಯೊ ಎಕ್ಸ್‌ಪೋರ್ಟ್, ತ್ರೀಡಿ ರೆಂಡರ್, ದೊಡ್ಡ ಕೋಡ್ ಬಿಲ್ಡ್, ಆಟ, ಸಿಮ್ಯುಲೇಶನ್ ಆದರೆ ಒಮ್ಮೆ ಮೇಲೇರಿದ ಗೆರೆ ಇಳಿಯುವುದೇ ಇಲ್ಲ. ಬಯಲುಸೀಮೆಯ ಹಾಗೆ ಉದ್ದಕ್ಕೂ ಸಮತಟ್ಟು.

ಮುಳ್ಳಿನ ಕೆಲಸದವರು ಬಿಸಿಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೂರನೇ ಹೆಜ್ಜೆಯ ಮೇಲೊಮ್ಮೆ ಕಣ್ಣಾಡಿಸಿ, ತೂಕದ ಮಾತು ಬರುವ ಆರನೇ ಹೆಜ್ಜೆಗೆ ಹೋಗಿಬಿಡಬಹುದು. ಬಯಲಿನ ಕೆಲಸದವರು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಆ ಬಯಲು ದಿನವೂ ಬರುತ್ತದೋ, ತಿಂಗಳಿಗೊಮ್ಮೆಯೋ? ನನ್ನ ಅಕ್ಕನ ಮಗಳದು ವಿಚಿತ್ರ. ಹಗಲೆಲ್ಲ ಸ್ಕೆಚ್‌ಅಪ್, ಆಟೋಕ್ಯಾಡ್‌ನಂಥ ನಕ್ಷೆ ಬಿಡಿಸುವ ತಂತ್ರಾಂಶಗಳು. ಅವು ಬಹುಪಾಲು ಪ್ರೊಸೆಸರಿನ ಹಲವು ಕೋರ್‌ಗಳಲ್ಲಿ (ದುಡಿಯುವ ಘಟಕಗಳಲ್ಲಿ) ಒಂದರ ಮೇಲೇ ಓಡುತ್ತವೆ, ಹಾಗಾಗಿ ಮುಳ್ಳು. ಜ್ಯೂರಿಯ ಹಿಂದಿನ ರಾತ್ರಿ ಮಾತ್ರ ಬಯಲು, ಅದೂ ಬೆಳಗಾಗುವವರೆಗೆ. ಬಯಲು ಬರುವುದು ಕಡಿಮೆಯಾದರೂ ಬಂದ ದಿನ ಕೈಕೊಟ್ಟರೆ ಅಂಕ ಹೋಗುತ್ತದೆ ಎಂದಾದರೆ ಅವಳನ್ನು ಬಯಲಿನವಳೆಂದೇ ಲೆಕ್ಕ ಹಿಡಿಯಬೇಕು.

ಹೆಜ್ಜೆ 2: ಹೆಸರು ಬಿಡಿ, ವ್ಯಾಟ್ ಓದಿ

ಪ್ರೊಸೆಸರ್ ನುಂಗಿದ ಕರೆಂಟು ಪೂರ್ತಿ ಶಾಖವಾಗಿಯೇ ಹೊರಗೆ ಬರುತ್ತದೆ. 45 ವ್ಯಾಟ್ ನುಂಗುವ ಚಿಪ್ ಎಂದರೆ 45 ವ್ಯಾಟ್‌ನ ಪುಟ್ಟ ಹೀಟರ್. ಲ್ಯಾಪ್‌ಟಾಪಿನ ವೇಗ ಎಂದರೆ ಕೊನೆಗೂ ಅದು ಎಷ್ಟು ವ್ಯಾಟ್ ಶಾಖವನ್ನು ಬಿಡದೆ ಹೊರಹಾಕಬಲ್ಲದು ಎನ್ನುವುದೇ.

ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರದಲ್ಲಿ ಸುಳಿವಿರುತ್ತದೆ. ಇಂಟೆಲ್‌ನ 13ನೇ ಪೀಳಿಗೆಯಲ್ಲಿ ಯು ಎಂದರೆ ಮೂಲ ವ್ಯಾಟ್ (ದೀರ್ಘ ಹೊತ್ತಿನ ಕೆಲಸಕ್ಕೆ ಕಂಪನಿ ಹೇಳುವ ವ್ಯಾಟ್) 15, ಪಿ ಎಂದರೆ 28, ಎಚ್ ಎಂದರೆ 45, ಎಚ್‌ಎಕ್ಸ್ ಎಂದರೆ 55. ಹೊಸ ಪೀಳಿಗೆಗಳಲ್ಲಿ ಈ ಅಂಕಿಗಳು ಅತ್ತಿತ್ತ ಆಗಿವೆ, ಆದರೂ ಯು ತಣ್ಣಗೆ, ಎಚ್‌ಎಕ್ಸ್ ಬೆಂಕಿ ಎನ್ನುವ ಕ್ರಮ ಹಾಗೇ ಇದೆ. ಎಎಮ್‌ಡಿಯಲ್ಲೂ ಯು, ಎಚ್‌ಎಸ್, ಎಚ್‌ಎಕ್ಸ್ ಎಂದು ಮೇಲೇರುತ್ತ ಹೋಗುತ್ತದೆ.

ಆದರೆ ಮೂಲ ವ್ಯಾಟ್ ಎನ್ನುವುದು ಅರ್ಧ ಕಥೆ. ಐ7-13700ಎಚ್‌ನ ಮೂಲ ವ್ಯಾಟ್ 45 ಇದ್ದರೂ ಅದು ಸ್ವಲ್ಪ ಹೊತ್ತು 115 ವ್ಯಾಟ್‌ವರೆಗೂ ಎಳೆಯಬಲ್ಲದು. ಐ7-1355ಯುನಂಥ ಸಾಧು ಚಿಪ್ ಕೂಡ 15ರಿಂದ 55ಕ್ಕೆ ಜಿಗಿಯುತ್ತದೆ. ಮೊದಲ ಅರ್ಧ, ಒಂದು ನಿಮಿಷ ಈ ಕುದುರೆ ಓಟ. ಆಮೇಲೆ ಫ್ಯಾನು ಎಷ್ಟು ಹೊರಹಾಕಬಲ್ಲದೋ ಅಷ್ಟಕ್ಕೆ ತಾನೇ ತಗ್ಗುತ್ತದೆ. ಇದಕ್ಕೇ ಥ್ರಾಟಲಿಂಗ್ ಅನ್ನುವುದು. ಅಂಗಡಿಯಲ್ಲಿ ನಾಲ್ಕು ವಿಂಡೋ ತೆರೆದು "ನೋಡಿ ಸಾರ್, ಎಷ್ಟು ಫಾಸ್ಟು" ಎಂದು ತೋರಿಸುವುದೆಲ್ಲ ಆ ಮೊದಲ ನಿಮಿಷದ ಓಟ.

ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಇದು ಇನ್ನೂ ದೊಡ್ಡ ಗುಟ್ಟು. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಅನ್ನು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟಕ್ಕೆ ಬೇಕಾದರೂ ಹೊಂದಿಸಲು ತಯಾರಕರಿಗೆ ಅವಕಾಶವಿದೆ. ಡಬ್ಬಿಯ ಮೇಲೆ ಎರಡಕ್ಕೂ ಒಂದೇ ಹೆಸರು. ತೆಳ್ಳನೆಯ ಯಂತ್ರದಲ್ಲಿ ಕಡಿಮೆ ವ್ಯಾಟ್‌ನಲ್ಲಿ ಕೂತ 4060ಗೂ ದಪ್ಪ ಯಂತ್ರದಲ್ಲಿ ಪೂರ್ತಿ ವ್ಯಾಟ್ ಪಡೆದ 4060ಗೂ ಅಜಗಜಾಂತರ. ಕಂಪನಿಯ ವೆಬ್‌ಸೈಟಿನ ವಿವರ ಪಟ್ಟಿಯಲ್ಲಿ ಟಿಜಿಪಿ (ಗ್ರಾಫಿಕ್ಸ್‌ನ ಒಟ್ಟು ವ್ಯಾಟ್) ಎಂದೋ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಎಂದೋ ಹುಡುಕಿ. ಆ ಅಂಕಿಯೇ ಇಲ್ಲದಿದ್ದರೆ ನಾನಂತೂ ಅನುಮಾನ ಪಡುತ್ತೇನೆ.

ಇಷ್ಟೆಲ್ಲ ಓದಲು ತಾಳ್ಮೆ ಇಲ್ಲವೇ? ಅಡಾಪ್ಟರ್ ತಿರುಗಿಸಿ ನೋಡಿ. 65 ವ್ಯಾಟ್ ಎಂದಿದ್ದರೆ ಇಡೀ ಯಂತ್ರ, ಪರದೆ ಸೇರಿ, ಹೆಚ್ಚು ಹೊತ್ತು ಅದನ್ನು ಮೀರುವಂತಿಲ್ಲ. 230 ವ್ಯಾಟ್ ಎಂದಿದ್ದರೆ ಒಳಗೆ ಒಲೆ ಇದೆ ಎಂದರ್ಥ.

ಹೆಜ್ಜೆ 3: ನಿಮ್ಮ ಕೋಣೆಯ ಉಷ್ಣಾಂಶ

ಲ್ಯಾಪ್‌ಟಾಪ್ ವಿಮರ್ಶೆಗಳಲ್ಲಿ ಬಹುಪಾಲು ತಂಪು ದೇಶದಲ್ಲೋ ಏಸಿ ಕೋಣೆಯಲ್ಲೋ ಮಾಡಿದವು. ಅಲ್ಲಿ 22 ಡಿಗ್ರಿ ಇದ್ದರೆ ಮೇ ತಿಂಗಳ ಮಧ್ಯಾಹ್ನ ಕಲಬುರಗಿ, ರಾಯಚೂರು, ಬಳ್ಳಾರಿಗಳಲ್ಲಿ 40 ದಾಟುತ್ತದೆ. ಆಪಲ್ ತನ್ನ ಲ್ಯಾಪ್‌ಟಾಪ್‌ಗಳನ್ನು 10ರಿಂದ 35 ಡಿಗ್ರಿ ವಾತಾವರಣದಲ್ಲಿ ಬಳಸಿ ಎನ್ನುತ್ತದೆ. ಉಳಿದ ಹಲವು ಕಂಪನಿಗಳೂ ಇದರ ಆಸುಪಾಸಿನ ಮಿತಿಯನ್ನೇ ಕೊಡುತ್ತವೆ. ನಮ್ಮ ಬೇಸಿಗೆ ಆ ಪಟ್ಟಿಯ ಆಚೆಗಿದೆ.

ಇದರ ಲೆಕ್ಕ ಒಮ್ಮೆ ಕೈಯಲ್ಲಿ ಮಾಡಿ ನೋಡಿ, ಆಮೇಲೆ ಮರೆಯುವುದಿಲ್ಲ. ಶಾಖ ಹೊರಗೆ ಹರಿಯುವುದು ಚಿಪ್ಪಿಗೂ ಕೋಣೆಯ ಗಾಳಿಗೂ ಇರುವ ಬಿಸಿಯ ಅಂತರದ ಮೇಲೆ. ಚಿಪ್ 97 ಡಿಗ್ರಿಯಲ್ಲಿ ತನ್ನನ್ನು ತಾನು ತಗ್ಗಿಸಿಕೊಳ್ಳುತ್ತದೆ ಅಂದುಕೊಳ್ಳಿ. ಇಂಟೆಲ್, ಎಎಮ್‌ಡಿ ಚಿಪ್‌ಗಳ ಮಿತಿ ಹೆಚ್ಚಾಗಿ 95ರಿಂದ 105ರ ನಡುವೆ ಇರುತ್ತದೆ. 22 ಡಿಗ್ರಿ ಕೋಣೆಯಲ್ಲಿ ಅಂತರ 75. 41 ಡಿಗ್ರಿಯ ಕೋಣೆಯಲ್ಲಿ ಅಂತರ 56. ಅಂದರೆ ಫ್ಯಾನು ಅದೇ ವೇಗದಲ್ಲಿ ತಿರುಗಿದರೂ ಹೊರಹೋಗುವ ಶಾಖ ಸುಮಾರು ಕಾಲುಭಾಗ ಕಡಿಮೆ. ವಿಮರ್ಶೆಯಲ್ಲಿ 40 ವ್ಯಾಟ್ ಹಿಡಿದಿಟ್ಟ ಯಂತ್ರ ನಿಮ್ಮ ಕೋಣೆಯಲ್ಲಿ 30ಕ್ಕೆ ಬಂದು ನಿಲ್ಲುತ್ತದೆ. ಅದನ್ನು ಹಾಸಿಗೆ ಮೇಲಿಟ್ಟು ಗಾಳಿಕಿಂಡಿ ಮುಚ್ಚಿದರೆ ಇನ್ನೂ ಕೆಳಗೆ. ನನ್ನ ಡಿಸೆಂಬರ್ ಪರೀಕ್ಷೆ ಏಕೆ ಸುಳ್ಳಾಯಿತು ಎಂಬುದಕ್ಕೆ ಉತ್ತರ ಈ ನಾಲ್ಕು ಸಾಲಿನ ಲೆಕ್ಕದಲ್ಲಿದೆ.

ಹಾಗಾಗಿ ನಾನು ಪಾಲಿಸುವ ನಿಯಮ: ಕೋಣೆಯಲ್ಲಿ ಏಸಿ ಇದ್ದರೆ ವಿಮರ್ಶೆಯ ಅಂಕಿಯನ್ನು ಹಾಗೇ ನಂಬಬಹುದು. ಮೈಸೂರು, ಬೆಂಗಳೂರು, ಮಲೆನಾಡು ಆದರೆ ಹತ್ತನೇ ಒಂದು ಪಾಲು ಕಳೆಯಿರಿ. ಹೈದರಾಬಾದ್ ಕರ್ನಾಟಕ ಎಂದು ಹಿಂದೆ ಕರೆಯುತ್ತಿದ್ದ ಇಡೀ ಭಾಗಕ್ಕೆ ಕಾಲುಭಾಗ ಕಳೆಯಿರಿ. ಕರಾವಳಿಯಲ್ಲಿ ಬಿಸಿ ಅಷ್ಟಿಲ್ಲದಿದ್ದರೂ ಉಪ್ಪುಗಾಳಿ, ತೇವ ಬೇರೆ ಬಗೆಯ ಶತ್ರು. ಅಲ್ಲಿ ಫ್ಯಾನಿನ ಆಯುಷ್ಯದ ಚಿಂತೆ ಹೆಚ್ಚು.

ಹೆಜ್ಜೆ 4: ಇಂಚು ಪರದೆಯ ಅಳತೆ, ಒಳಗಿನ ಜಾಗದ ಅಳತೆ ಅಲ್ಲ

ಚಿತ್ರಾನ್ನ ಕಲಸುವ ಮುಂಚೆ ಅನ್ನವನ್ನು ಅಗಲವಾದ ಪರಾತಕ್ಕೆ ಹರವಿ ಆರಿಸುತ್ತೇವೆ. ಪಾತ್ರೆಯಲ್ಲೇ ಬಿಟ್ಟರೆ ಗಂಟೆಯಾದರೂ ಹಬೆಯಾಡುತ್ತಿರುತ್ತದೆ. ದೊಡ್ಡ ಲ್ಯಾಪ್‌ಟಾಪ್ ಪರಾತದ ಹಾಗೆ. ಶಾಖ ಹರಡಲು ಜಾಗ, ಬೀಸಲು ದೊಡ್ಡ ಫ್ಯಾನು. ಫ್ಯಾನಿನ ಆಕಾರ ಒಂದೇ ಅನುಪಾತದಲ್ಲಿದ್ದರೆ ಅದು ತಳ್ಳುವ ಗಾಳಿ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. 40 ಮಿ.ಮೀ. ಫ್ಯಾನಿನ ಬದಲು 50 ಮಿ.ಮೀ. ಹಾಕಿದರೆ ಅದೇ ವೇಗದಲ್ಲಿ ಹೆಚ್ಚುಕಡಿಮೆ ಎರಡರಷ್ಟು ಗಾಳಿ. ದೊಡ್ಡ ಯಂತ್ರ ಅದೇ ಕೆಲಸವನ್ನು ಸದ್ದಿಲ್ಲದೆ ಮಾಡುವುದು ಇದರಿಂದಲೇ. ಚಿಕ್ಕದರದು ನೊಣದ ಗುಂಯ್‌ಗುಡುವಿಕೆ.

ಹಾಗಂತ ಇಂಚು ಹೆಚ್ಚಾದ ಮಾತ್ರಕ್ಕೆ ತಂಪು ಎಂದು ತಿಳಿಯಬೇಡಿ. ಇದಕ್ಕೆ ಆಪಲ್‌ನ ನಾಲ್ಕು ಯಂತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯ ಪಾಠ, ಏಕೆಂದರೆ ಒಂದೇ ಕಂಪನಿ, ಒಂದೇ ಕುಟುಂಬದ ಚಿಪ್. 13 ಇಂಚಿನ ಮ್ಯಾಕ್‌ಬುಕ್ ಏರ್ 1.24 ಕೆ.ಜಿ., 15 ಇಂಚಿನದು 1.51 ಕೆ.ಜಿ. ಎರಡರಲ್ಲೂ ಫ್ಯಾನೇ ಇಲ್ಲ. 14 ಇಂಚಿನ ಮ್ಯಾಕ್‌ಬುಕ್ ಪ್ರೊ 1.55 ಕೆ.ಜಿ., ಅದಕ್ಕೆ ಫ್ಯಾನುಂಟು. ಅಂದರೆ 15 ಇಂಚಿನ ಏರ್‌ಗಿಂತ ಚಿಕ್ಕದಾದ, ತೂಕದಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುವ 14 ಇಂಚಿನ ಯಂತ್ರ ಅರ್ಧ ಗಂಟೆಯ ವಿಡಿಯೊ ಎಕ್ಸ್‌ಪೋರ್ಟ್‌ನಲ್ಲಿ ಮುಂದಿರುತ್ತದೆ. ಏರ್ ನಿಶ್ಶಬ್ದವಾಗಿ ಕೆಲವು ನಿಮಿಷ ಓಡಿ ನಿಧಾನಕ್ಕೆ ತಗ್ಗುತ್ತದೆ. ಇಂಚಿಗಿಂತ ಫ್ಯಾನು ದೊಡ್ಡದು, ಫ್ಯಾನಿಗಿಂತ ದಪ್ಪ ದೊಡ್ಡದು. 14 ಇಂಚಿನ ಪ್ರೊ ದಪ್ಪ 1.55 ಸೆಂ.ಮೀ., 16 ಇಂಚಿನದು 1.68 ಸೆಂ.ಮೀ. ಉದ್ದ, ಅಗಲ, ದಪ್ಪ ಗುಣಿಸಿದರೆ ದೊಡ್ಡದರ ಒಳಗೆ ಸುಮಾರು ಶೇ 38ರಷ್ಟು ಹೆಚ್ಚು ಜಾಗ. ಅದಕ್ಕೆ ತೆರಬೇಕಾದ ತೂಕ ಸುಮಾರು 600 ಗ್ರಾಂ.

ಇನ್ನೊಂದು ಮಾತು. 15.6 ಇಂಚಿಗೂ 16 ಇಂಚಿಗೂ ಹೆದರುವಂಥ ವ್ಯತ್ಯಾಸ ಇಲ್ಲ. ಹಳೆಯ 15.6 ಪರದೆಗಳು ಹೆಚ್ಚಾಗಿ 16:9 ಅನುಪಾತದವು, ಹೊಸ 16 ಇಂಚಿನವು 16:10. ಲೆಕ್ಕ ಹಾಕಿದರೆ ಎರಡರ ಅಗಲವೂ 34.5 ಸೆಂ.ಮೀ.; ಎತ್ತರ ಮಾತ್ರ ಎರಡು ಸೆಂ.ಮೀ. ಹೆಚ್ಚು. ಆ ಎರಡು ಸೆಂ.ಮೀ. ಕೀಬೋರ್ಡಿನ ಭಾಗಕ್ಕೂ ಸಿಗುತ್ತದೆ, ಅಂದರೆ ಒಳಗೆ ಫ್ಯಾನಿಗೆ ಜಾಗ. ಬೆಲೆ ಸರಿಹೊಂದಿದರೆ 16 ತೆಗೆದುಕೊಳ್ಳಿ.

ಹೆಜ್ಜೆ 5: ಮಗುಚಿ ನೋಡಿ

ಅಂಗಡಿಯಲ್ಲಿ ಎಲ್ಲರೂ ಪರದೆ ನೋಡುತ್ತಾರೆ. ನೀವು ಯಂತ್ರ ಮುಚ್ಚಿಸಿ ತಲೆಕೆಳಗು ಮಾಡಿ. ಆನ್‌ಲೈನ್‌ನಲ್ಲಾದರೆ ತಳಭಾಗದ ಫೋಟೊ ಹುಡುಕಿ.

ತಳದಲ್ಲಿ ಗಾಳಿ ಒಳಗೆ ಹೋಗುವ ಜಾಲರಿ ಎಷ್ಟು ಅಗಲ ಇದೆ? ಕೆಲವು ಯಂತ್ರಗಳಲ್ಲಿ ಜಾಲರಿಯಂತೆ ಕಾಣುವ ಗೀರುಗಳಲ್ಲಿ ಮುಕ್ಕಾಲು ಪಾಲು ಬರೀ ಅಲಂಕಾರ. ಬೆಳಕಿಗೆ ಹಿಡಿದರೆ ತೂತು ಎಲ್ಲಿದೆ, ಎಲ್ಲಿಲ್ಲ ಗೊತ್ತಾಗುತ್ತದೆ. ರಬ್ಬರ್ ಕಾಲುಗಳು ಎಷ್ಟು ಎತ್ತರ? ಒಂದು ರೂಪಾಯಿ ನಾಣ್ಯವೂ ನುಗ್ಗದಷ್ಟು ತಗ್ಗಿದ್ದರೆ ಆ ಯಂತ್ರ ಮೇಜಿನ ಮೇಲೂ ಏದುಸಿರು ಬಿಡುತ್ತದೆ.

ಆಮೇಲೆ ಬಿಸಿಗಾಳಿ ಎಲ್ಲಿಂದ ಹೊರಬರುತ್ತದೆ ನೋಡಿ. ಹಿಂಭಾಗದಿಂದ ಆದರೆ ಬಹಳ ಒಳ್ಳೆಯದು. ಕೀಲಿನ ಸಂದಿಯಿಂದ ಪರದೆಯ ಬುಡಕ್ಕೆ ಊದುವಂತಿದ್ದರೆ ಪರವಾಗಿಲ್ಲ. ಬಲಬದಿಯಿಂದ ಬಂದರೆ ಮೌಸ್ ಹಿಡಿದ ಕೈ ಬೇಯುತ್ತದೆ. ಎಡಗೈಯಲ್ಲಿ ಮೌಸ್ ಹಿಡಿಯುವವರಿಗೆ ಎಡಬದಿಯ ಕಿಂಡಿ ಅದೇ ಕಾಟ ಕೊಡುತ್ತದೆ. ಇದು ಸಣ್ಣ ವಿಷಯ ಎನಿಸಬಹುದು. ಬೇಸಿಗೆಯಲ್ಲಿ ಎರಡು ಗಂಟೆ ಕೂತು ನೋಡಿ.

ಒಳಗಿನ ಚಿತ್ರ ಸಿಕ್ಕರೆ ತಾಮ್ರದ ಚಪ್ಪಟೆ ಕೊಳವೆಗಳನ್ನು ಎಣಿಸಿ. ಹೀಟ್ ಪೈಪ್ ಅನ್ನುವ ಇವು ಇಡ್ಲಿ ಪಾತ್ರೆಯ ತತ್ವದವು. ಇಡ್ಲಿ ಪಾತ್ರೆಯಲ್ಲಿ ತಳದ ನೀರು ಹಬೆಯಾಗಿ ಮೇಲೇರಿ, ಮುಚ್ಚಳಕ್ಕೆ ತಾಗಿ, ಹನಿಯಾಗಿ ಮತ್ತೆ ಕೆಳಗೆ ಬೀಳುತ್ತದೆ. ಈ ಕೊಳವೆಯೊಳಗೂ ಒಂದಿಷ್ಟು ನೀರು ಇರುತ್ತದೆ. ಗಾಳಿ ತೆಗೆದು ಮುಚ್ಚಿರುವುದರಿಂದ ಕಡಿಮೆ ಬಿಸಿಗೇ ಆವಿಯಾಗುತ್ತದೆ. ಚಿಪ್ಪಿನ ಹತ್ತಿರ ಆವಿಯಾಗಿ, ಫ್ಯಾನಿನ ಪಕ್ಕದ ರೆಕ್ಕೆಗಳ ಬಳಿ ತಣಿದು ನೀರಾಗಿ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ವಾಪಸಾಗುತ್ತದೆ. ಇಡೀ ದಿನ ಇದೇ ಸುತ್ತಾಟ. ಬರೀ ಬರಹ, ಬ್ರೌಸರ್‌ಗೆ ಒಂದು ಫ್ಯಾನು, ಒಂದು ಕೊಳವೆ ಸಾಕು. ಎಚ್ ಸರಣಿಯ ಚಿಪ್ ಇದ್ದು ಒಂದೇ ಫ್ಯಾನು ಇದ್ದರೆ ಎರಡು ಸಲ ಯೋಚಿಸಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎರಡು ಫ್ಯಾನು ಕಡ್ಡಾಯ ಎನ್ನುವುದು ನನ್ನ ಮಟ್ಟಿಗೆ ಚರ್ಚೆಗೆ ಬಾರದ ಮಾತು.

ಹೆಜ್ಜೆ 6: ನೀರಿನ ಬಾಟಲಿ ಹೊತ್ತು ನೋಡಿ

ತೂಕದ ಬಗ್ಗೆ ನಮ್ಮ ಊಹೆ ಬಹಳ ಕೆಟ್ಟದು. ಅಂಗಡಿಯಲ್ಲಿ ಎರಡು ಕೈಯಲ್ಲಿ ಹಿಡಿದು "ಅಯ್ಯೋ ಇಷ್ಟೇನಾ" ಎನ್ನುತ್ತೇವೆ. ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸಿ ಮೆಟ್ರೊ ಮೆಟ್ಟಿಲು ಹತ್ತುವ ಭುಜದ ಅಭಿಪ್ರಾಯ ಬೇರೆಯೇ ಇರುತ್ತದೆ.

ಒಂದು ಲೀಟರ್ ನೀರಿನ ಬಾಟಲಿ ಎಂದರೆ ಒಂದು ಕೆ.ಜಿ. ನೀವು ನೋಡಿಟ್ಟ ಲ್ಯಾಪ್‌ಟಾಪ್ ತೂಕಕ್ಕೆ ಅಡಾಪ್ಟರ್ ತೂಕ ಸೇರಿಸಿ. ಇದನ್ನೇ ಎಲ್ಲರೂ ಮರೆಯುವುದು. 65 ವ್ಯಾಟ್‌ನ ಚಿಕ್ಕ ಟೈಪ್-ಸಿ ಚಾರ್ಜರ್ ನೂರು, ನೂರೈವತ್ತು ಗ್ರಾಂ ತೂಗಿದರೆ 230 ವ್ಯಾಟ್‌ನದು ಇಟ್ಟಿಗೆಯೇ ಸರಿ. ತಂತಿ ಸೇರಿ ಮುಕ್ಕಾಲು ಕೆ.ಜಿ. ಆಸುಪಾಸು. 16 ಇಂಚಿನ ಗೇಮಿಂಗ್ ಲ್ಯಾಪ್‌ಟಾಪ್ 2.4 ಕೆ.ಜಿ. ಇದ್ದರೆ ಒಟ್ಟು ಮೂರು ಕೆ.ಜಿ. ದಾಟಿತು. ಮೂರು ಬಾಟಲಿ ತುಂಬಿ ನಿಮ್ಮ ಬ್ಯಾಗಿಗೆ ಹಾಕಿ, ಎಂದಿನ ಪುಸ್ತಕ, ಊಟದ ಡಬ್ಬಿ ಸಮೇತ ಎರಡು ದಿನ ಕಾಲೇಜಿಗೋ ಆಫೀಸಿಗೋ ಹೋಗಿ ಬನ್ನಿ. ಮೂರನೇ ದಿನವೂ ಹೊರಲು ಮನಸ್ಸಿದ್ದರೆ ಕೊಳ್ಳಿ. ನನ್ನ ಮಾತು ಕೇಳಿ ಹೀಗೆ ಮಾಡಿದ ಗೆಳೆಯನೊಬ್ಬ ಮೊದಲ ದಿನ ಸಂಜೆಯೇ ಎರಡು ಬಾಟಲಿ ಕುಡಿದು ಖಾಲಿ ಮಾಡಿದ್ದ.

ಅಳತೆಗೂ ಒಂದು ಸುಲಭದ ದಾರಿ ಇದೆ. 13 ಇಂಚಿನ ಲ್ಯಾಪ್‌ಟಾಪ್ ಎಂದರೆ ಹೆಚ್ಚುಕಡಿಮೆ ಎ4 ಹಾಳೆ. 16 ಇಂಚಿನದರ ಅಗಲ ಬಾಂಡ್ ಪೇಪರ್ ಬರೆಯುವವರ ಬಳಿ ಸಿಗುವ ಲೀಗಲ್ ಹಾಳೆಯ ಉದ್ದದಷ್ಟು, ಅಂದರೆ 35.6 ಸೆಂ.ಮೀ. ಆಸುಪಾಸು. ಹಾಳೆಯನ್ನು ರಟ್ಟಿಗೆ ಅಂಟಿಸಿ ಬ್ಯಾಗಿಗೆ, ತರಗತಿಯ ಬೆಂಚಿಗೆ, ಬಸ್ಸಿನಲ್ಲಿ ತೊಡೆಗೆ ಇಟ್ಟು ನೋಡಿ. ಕಲಬುರಗಿ–ಬೆಂಗಳೂರು ವಂದೇ ಭಾರತ್‌ನಲ್ಲೋ ವಿಮಾನದಲ್ಲೋ ಕೆಲಸ ಮಾಡುವವರು ಒಂದು ಗಮನಿಸಿ: ಮುಂದಿನವರು ಸೀಟು ಹಿಂದಕ್ಕೆ ಬಾಗಿಸಿದ ಕೂಡಲೇ 16 ಇಂಚಿನ ಪರದೆ ಪೂರ್ತಿ ತೆರೆಯುವುದಿಲ್ಲ. 14 ಅಲ್ಲಿಗೆ ಗಡಿ. ವಿಮಾನದವರಿಗೆ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್. ದೊಡ್ಡ ಲ್ಯಾಪ್‌ಟಾಪ್‌ಗಳಲ್ಲೂ 99 ಚಿಲ್ಲರೆಗೆ ನಿಲ್ಲಿಸಿರುತ್ತಾರೆ, ಹಾಗಾಗಿ ಭಯವಿಲ್ಲ.

ಕರೆಂಟು ಹೋಗುವ ಊರಿನವರಿಗೆ ಇನ್ನೂ ಒಂದು ಸಂಗತಿ. ಗೇಮಿಂಗ್ ಲ್ಯಾಪ್‌ಟಾಪ್ ಪೂರ್ತಿ ವೇಗ ಕೊಡುವುದು ಪ್ಲಗ್ ಚುಚ್ಚಿದಾಗ ಮಾತ್ರ. ಬ್ಯಾಟರಿಯ ಮೇಲೆ ಅದರ ಗ್ರಾಫಿಕ್ಸ್ ವ್ಯಾಟ್ ತೀರ ಇಳಿದುಬಿಡುತ್ತದೆ. ದಿನಕ್ಕೆ ಮೂರು ಗಂಟೆ ಕರೆಂಟಿಲ್ಲದ ಕಡೆ ಆ ಕುದುರೆ ಮೂರು ಗಂಟೆ ಕತ್ತೆ.

ಹೆಜ್ಜೆ 7: ಹತ್ತು ನಿಮಿಷದ ಪರೀಕ್ಷೆ

ವಿಮರ್ಶೆ ಓದುವಾಗ ಮೊದಲ ಸುತ್ತಿನ ಅಂಕ ಬಿಡಿ. ಒಂದೇ ಪರೀಕ್ಷೆಯನ್ನು ಹತ್ತು, ಹದಿನೈದು ಸಲ ಬಿಡದೆ ಓಡಿಸಿದ ಗ್ರಾಫ್ ಹುಡುಕಿ. ಮೊದಲ ಅಂಕಕ್ಕೂ ಕೊನೆಯ ಅಂಕಕ್ಕೂ ನಡುವಿನ ಇಳಿಕೆ ಶೇ 10ರೊಳಗಿದ್ದರೆ ಒಳ್ಳೆಯ ಕೂಲಿಂಗ್. ಶೇ 30 ಇದ್ದರೆ ನೀವು ದುಡ್ಡು ಕೊಡುವುದು ಮೊದಲ ನಿಮಿಷಕ್ಕೆ.

ಅಂಗಡಿಯಲ್ಲಿ ಇದನ್ನು ಮಾಡಲು ಎಲ್ಲರೂ ಬಿಡುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಹಳೆಯ, ರಿಫರ್ಬಿಶ್ಡ್ ಯಂತ್ರ ಕೊಳ್ಳುವವರು ಮಾತ್ರ ಹಟ ಹಿಡಿಯಲೇಬೇಕು, ಏಕೆಂದರೆ ಒಣಗಿದ ಥರ್ಮಲ್ ಪೇಸ್ಟ್ (ಚಿಪ್ಪಿಗೂ ತಾಮ್ರಕ್ಕೂ ನಡುವೆ ಶಾಖ ದಾಟಿಸುವ ಲೇಪ), ಧೂಳು ಕಟ್ಟಿದ ರೆಕ್ಕೆ ಹೊರಗಿನಿಂದ ಕಾಣುವುದಿಲ್ಲ. ಪೆನ್‌ಡ್ರೈವಿನಲ್ಲಿ ಸಿನೆಬೆಂಚ್ ಎನ್ನುವ, ಪ್ರೊಸೆಸರಿನ ವೇಗ ಅಳೆಯುವ ತಂತ್ರಾಂಶ ಹಾಕಿಕೊಂಡು ಹೋಗಿ. ಅದು ಹತ್ತು ನಿಮಿಷ ಎಲ್ಲ ಕೋರ್‌ಗಳನ್ನೂ ದುಡಿಸುತ್ತದೆ. ಪಕ್ಕದಲ್ಲಿ ಒಳಗಿನ ಬಿಸಿ, ವ್ಯಾಟ್ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶ ತೆರೆದಿಡಿ. ಪ್ಯಾಕೇಜ್ ಪವರ್ ಎನ್ನುವ ಸಾಲಿನಲ್ಲಿ ವ್ಯಾಟ್ ಕಾಣುತ್ತದೆ. ಮೊದಲ ನಿಮಿಷದ ಅಂಕಿ ಬರೆದಿಟ್ಟುಕೊಳ್ಳಿ, ಎಂಟನೇ ನಿಮಿಷದ್ದೂ ಬರೆದುಕೊಳ್ಳಿ. ಆ ಎರಡನೇ ಅಂಕಿಯೇ ನಿಮ್ಮ ಲ್ಯಾಪ್‌ಟಾಪಿನ ನಿಜವಾದ ಶಕ್ತಿ. ಅಷ್ಟರಲ್ಲಿ ಅಂಗೈಯನ್ನು ಕೀಬೋರ್ಡಿನ ನಡುವೆ ಇಟ್ಟು ನೋಡಿ, ಅಂಗೈ ಊರುವ ಜಾಗ ಮುಟ್ಟಿ, ಫ್ಯಾನಿನ ಸದ್ದು ಕೇಳಿಸಿಕೊಳ್ಳಿ. ಮೇಲಿನ ಸಾಲಿನ ಕೀಲಿಗಳ ಬಳಿ ಬಿಸಿಯಾಗುವುದು ಸಹಜ. ಬೆರಳು ಇಡುವ ನಡುಸಾಲೇ ಸುಡುತ್ತಿದ್ದರೆ ಕೈಮುಗಿದು ಎದ್ದು ಬನ್ನಿ.

ಆನ್‌ಲೈನ್‌ನಲ್ಲಿ ತರಿಸಿದರೆ ವಾಪಸ್ ಕೊಡುವ ಅವಧಿ ಮುಗಿಯುವ ಮುನ್ನ, ಮಧ್ಯಾಹ್ನ ಎರಡು ಗಂಟೆಗೆ, ನಿಮ್ಮದೇ ಕೋಣೆಯಲ್ಲಿ, ಏಸಿ ಇಲ್ಲದೆ ಇದೇ ಪರೀಕ್ಷೆ ಮಾಡಿ. ಸೆಪ್ಟೆಂಬರ್, ಅಕ್ಟೋಬರ್‌ನ ಹಬ್ಬದ ಸೇಲ್‌ನಲ್ಲಿ ಕೊಂಡವರು ಬೇಸಿಗೆ ಬರುವವರೆಗೆ ಕಾಯಲಾಗದು; ಮೂರನೇ ಹೆಜ್ಜೆಯ ಲೆಕ್ಕ ಅವರಿಗಾಗಿ.

ಹಾಗಾದರೆ ಯಾರಿಗೆ ಯಾವುದು?

ಮುಳ್ಳಿನ ಕೆಲಸ, ಓಡಾಟ ಜಾಸ್ತಿ: 13 ಅಥವಾ 14 ಇಂಚು, ಯು ಸರಣಿ ಇಲ್ಲವೇ ಫ್ಯಾನಿಲ್ಲದ ಏರ್. ಹೆಚ್ಚು ಹೇಳುವುದಿಲ್ಲ, ಇವರ ಆಯ್ಕೆ ಸುಲಭ. ಮುಳ್ಳಿನ ಕೆಲಸ, ಓಡಾಟ ಇಲ್ಲ, ಟ್ಯಾಲಿ ಮುಂದೆ ದಿನವಿಡೀ ಕೂರುವವರು ಎಂದಾದರೆ 15.6 ಇಂಚು, ಕೂಲಿಂಗ್‌ಗಲ್ಲ, ಬಲಗಡೆಯ ಅಂಕಿ ಕೀಲಿಗಳಿಗಾಗಿ.

ಬಯಲಿನ ಕೆಲಸ ಇದ್ದು ದಿನವೂ ಹೊರಬೇಕು ಎನ್ನುವವರದೇ ಇಕ್ಕಟ್ಟು. ಪ್ರೊಗ್ರಾಮರ್‌ಗಳಿಗೆ, ಆಗೊಮ್ಮೆ ಈಗೊಮ್ಮೆ ವಿಡಿಯೊ ಕತ್ತರಿಸುವವರಿಗೆ ಎರಡು ಫ್ಯಾನಿರುವ, 1.6 ಕೆ.ಜಿ. ಸುತ್ತಮುತ್ತಲಿನ, ಸ್ವಲ್ಪ ದಪ್ಪನೆಯ 14 ಇಂಚು ನನ್ನ ಮೆಚ್ಚಿನದು. ಆದರೆ ಬಿಸಿ ಊರಿನಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕೇಬೇಕು ಎಂದಾದರೆ 14ರ ಆಸೆ ಬಿಡಿ, 16ಕ್ಕೆ ಹೋಗಿ. 17, 18 ಇಂಚಿನ ಗೇಮಿಂಗ್ ಯಂತ್ರಗಳು ಮೂರು ಕೆ.ಜಿ. ಆಸುಪಾಸಿನವು. ಅವನ್ನು ಲ್ಯಾಪ್‌ಟಾಪ್ ಎಂದು ಕರೆಯುವುದೇ ಉದಾರತೆ.

ಒಂದೇ ಜಾಗದಲ್ಲಿ ಕೂತು ಬಯಲಿನ ಕೆಲಸ ಮಾಡುವವರಿಗೆ, ಉದಾಹರಣೆಗೆ ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರಿಗೆ, ನನ್ನ ಸಲಹೆ ಲ್ಯಾಪ್‌ಟಾಪೇ ಬೇಡ. ಅದೇ ದುಡ್ಡಿಗೆ ಬರುವ ಡೆಸ್ಕ್‌ಟಾಪ್ ಎಷ್ಟೋ ತಣ್ಣಗಿರುತ್ತದೆ. ಹೋದ ಭಾಗವನ್ನು ಮಾತ್ರ ಬದಲಿಸಬಹುದು. ಹೊರಗೆ ತೋರಿಸಲು ಹಳೆಯ ಚಿಕ್ಕ ಲ್ಯಾಪ್‌ಟಾಪ್ ಒಂದಿದ್ದರೆ ಆಯಿತು.

ಕೊಂಡ ಮೇಲೆ

ಹಾಸಿಗೆ, ದಿಂಬು, ತೊಡೆಯ ಮೇಲಿನ ಪಂಚೆ ಇವೆಲ್ಲ ಗಾಳಿಕಿಂಡಿಗೆ ಕಟ್ಟಿದ ಬಟ್ಟೆ. ಬರೀ ತೊಡೆಯ ಮೇಲೆ ಬಿಸಿ ಯಂತ್ರವಿಟ್ಟು ದಿನಗಟ್ಟಲೆ ಕೂತವರ ಚರ್ಮದ ಮೇಲೆ ಬಲೆಯಂಥ ಕಂದು ಕಲೆ ಮೂಡುವುದನ್ನು ಚರ್ಮವೈದ್ಯರು ದಾಖಲಿಸಿದ್ದಾರೆ. ಹಿಂಬದಿಯನ್ನು ಎರಡು ಮೂರು ಸೆಂ.ಮೀ. ಎತ್ತರಿಸುವ ಅಗ್ಗದ ಸ್ಟ್ಯಾಂಡ್ ಸಾಕು. ಫ್ಯಾನುಗಳಿರುವ ಕೂಲಿಂಗ್ ಪ್ಯಾಡ್ ಕೊಟ್ಟರೂ ಹೆಚ್ಚಿನ ಲಾಭ ಬರುವುದು ಆ ಎತ್ತರದಿಂದಲೇ.

ಬೇಸಿಗೆಯಲ್ಲಿ ಸಾಧಾರಣ ಕೆಲಸಕ್ಕೆ ವಿಂಡೋಸ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನು 100ರಿಂದ 99ಕ್ಕೆ ಇಳಿಸಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಇದರಿಂದ ಟರ್ಬೊ, ಅಂದರೆ ಎರಡನೇ ಹೆಜ್ಜೆಯ ಆ ಕುದುರೆ ಓಟ, ನಿಲ್ಲುತ್ತದೆ, ಫ್ಯಾನು ಬಾಯಿಮುಚ್ಚುತ್ತದೆ. ಬರವಣಿಗೆಗೆ ವ್ಯತ್ಯಾಸವೇ ತಿಳಿಯದು. ರೆಂಡರ್ ಮಾಡುವಾಗ ಮತ್ತೆ 100 ಮಾಡಿಕೊಳ್ಳಿ.

ಆರು ತಿಂಗಳಿಗೊಮ್ಮೆ ಧೂಳು ತೆಗೆಸಿ. ಬಯಲುಸೀಮೆಯ ಮಣ್ಣಿನ ಧೂಳಿಗೆ ಅದೂ ತಡವೇ. ಯಂತ್ರ ಆಫ್ ಮಾಡಿ, ಮೆತ್ತನೆಯ ಬ್ರಶ್ ಬಳಸಿ. ಬ್ಲೋವರ್ ಹಿಡಿದರೆ ಫ್ಯಾನು ತಿರುಗದಂತೆ ಕಡ್ಡಿಯಿಂದ ಮೆಲ್ಲಗೆ ತಡೆಹಿಡಿಯಿರಿ, ಇಲ್ಲದಿದ್ದರೆ ಗಾಳಿಯ ರಭಸಕ್ಕೆ ಬೇರಿಂಗ್ ಹಾಳು. ಎರಡು ಮೂರು ವರ್ಷಕ್ಕೊಮ್ಮೆ ಥರ್ಮಲ್ ಪೇಸ್ಟ್ ಬದಲಿಸಿದರೆ ಹಳೆಯ ಯಂತ್ರಕ್ಕೆ ಉಸಿರು ಮರಳುತ್ತದೆ. ವಾರಂಟಿ ಇರುವವರೆಗೆ ಅವರ ಕೈಯಲ್ಲೇ ಮಾಡಿಸಿ.

ಅಕ್ಕನ ಮಗಳಿಗೆ ಕೊನೆಗೆ ಎರಡು ಫ್ಯಾನು, ಹಿಂಬದಿಗೆ ಬಿಸಿಗಾಳಿ ಬಿಡುವ 16 ಇಂಚಿನದೇ ಆಯಿತು. ಇಟ್ಟಿಗೆಯಂಥ ಅಡಾಪ್ಟರ್ ರೂಮಿನಲ್ಲೇ ಇರಲಿ, ಸ್ಟುಡಿಯೊಗೆ ಒಯ್ಯಲು 100 ವ್ಯಾಟ್‌ನ ಟೈಪ್-ಸಿ ಚಾರ್ಜರ್ ಸಾಕು ಎಂದೂ ಹೇಳಿಕೊಟ್ಟೆ. ಕೊಳ್ಳುವ ಮುಂಚೆ ಆ ಯಂತ್ರ ಟೈಪ್-ಸಿಯಲ್ಲಿ ಚಾರ್ಜ್ ಆಗುತ್ತದೆಯೇ ಎಂದು ನೋಡಿಕೊಂಡಿದ್ದೆವು. ಬಾಟಲಿ ಹೊತ್ತಳು, ಲೀಗಲ್ ಹಾಳೆಯನ್ನೂ ಬ್ಯಾಗಿಗೆ ಹಾಕಿ ನೋಡಿದಳು, ಸಲೀಸಾಗಿ ಹಿಡಿಸಿತು. ಈ ಸಲದ ಜ್ಯೂರಿಯ ಹಿಂದಿನ ರಾತ್ರಿ ಫೋನು ಬರಲಿಲ್ಲ. ಬಂದದ್ದು ಯಂತ್ರ ಕೈಗೆ ಸಿಕ್ಕ ದಿನವೇ: "ಮಾಮಾ, ಎಲ್ಲಾ ಛಲೋ ಅದ. ಆದ್ರ ಬ್ಯಾಗಿನ ಜಿಪ್ ಹಾಕ್ಲಿಕ್ಕೆ ಬರವಲ್ದು." ಲೀಗಲ್ ಹಾಳೆ 21.6 ಸೆಂ.ಮೀ. ಅಗಲ, ಲ್ಯಾಪ್‌ಟಾಪ್ ಅದಕ್ಕಿಂತ ಮೂರು ನಾಲ್ಕು ಸೆಂ.ಮೀ. ಜಾಸ್ತಿ. ನಾನು ಉದ್ದವನ್ನಷ್ಟೇ ಹೇಳಿದ್ದೆ. ನೀವು ಹಾಳೆಯ ಅಗಲದ ಬದಿಗೆ ಎರಡು ಬೆರಳಗಲದ ಪಟ್ಟಿಯೊಂದನ್ನು ಅಂಟಿಸಿಕೊಳ್ಳಿ.